ಸೆರೆಯ ನೆರಳಿನ ಸಂಸಾರಗಳು

ದ್ವೀಪದ ಸೆರೆಮನೆ ಎಂದೊಡನೆ ನಮ್ಮ ನೆನಪು ಅಂಡಮಾನಿಗೆ ಓಡುತ್ತದೆ. ‘ಕರಿನೀರಿನ ಶಿಕ್ಷೆ’ ಎಂಬ ಮಾತಿನಲ್ಲೇ ಹೆಂಡಿರು ಮಕ್ಕಳಿಂದ ಅಗಲಿದ ಸಂಕಟ ಅಡಗಿದೆ. ಆದರೆ ಬೀಗದ ಕೈ ಹಿಡಿದವನಿಗೂ ಹೆಂಡತಿ ಮಕ್ಕಳುಂಟು; ಅವರಿಗೂ ಒಂದು ಸೂರು ಬೇಕು. ಚರಿತ್ರಕಾರರು ಅಷ್ಟಾಗಿ ತಿರುವದ ಈ ಪುಟವನ್ನು ಅಮೆರಿಕದ ಆಲ್ಕಟ್ರಾಜ್ ದ್ವೀಪದ ಕಥೆಯಲ್ಲಿ ನಾನು ಕಂಡೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ದಡದಿಂದ ಸುಮಾರು ಒಂದೂಕಾಲು ಮೈಲಿ ದೂರದಲ್ಲಿರುವ ೨೨ ಎಕರೆಯ ಬಂಡೆ ಅದು. ಮೊದಲು ಕೋಟೆ, ಆಮೇಲೆ ಸೈನ್ಯದ ಸೆರೆಮನೆ. ೧೯೩೪ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡು, ಬೇರೆ ಜೈಲುಗಳಲ್ಲಿ ಅಂಕೆಗೆ ಸಿಗದವರನ್ನು ಅಲ್ಲಿಗೆ ಸಾಗಿಸಿತು. ಆಲ್ ಕಪೋನ್ ಬಂದದ್ದು ಆ ವರ್ಷವೇ. ಕೈದಿಗಳ ಸಂಖ್ಯೆ ಸಾಮಾನ್ಯವಾಗಿ ೨೬೦–೨೭೫. ಆಶ್ಚರ್ಯವೆಂದರೆ ಸಿಬ್ಬಂದಿ, ಅವರ ಹೆಂಗಸರು, ಮಕ್ಕಳು ಸೇರಿ ಹೊರಗಿದ್ದವರೂ ಸುಮಾರು ೩೦೦ ಮಂದಿ! ಬಂಧಿತರಷ್ಟೇ ಬಂಧಮುಕ್ತರೂ ಅಲ್ಲಿ ಬಾಳಿದರು.

ಇದು ಸರ್ಕಾರದ ಔದಾರ್ಯವಷ್ಟೇ ಅಲ್ಲ. ಅಪಾಯದ ಗಂಟೆ ಬಾರಿಸಿದರೆ ಪಾಳಿ ಮುಗಿಸಿ ಮಲಗಿದ್ದವನೂ ಎದ್ದು ಓಡಿ ಬರಬೇಕು, ದೋಣಿಗಾಗಿ ಕಾಯುವಂತಿಲ್ಲ. ಹೀಗೆ ಸಂಸಾರವೂ ಕಾವಲಿನ ಒಂದು ಅಂಗವಾಯಿತು.

ಹಡಗುಕಟ್ಟೆಯ ಬಳಿಯ ಹಳೆಯ ಸೈನಿಕ ವಸತಿಯೇ ಅನೇಕರ ಮನೆ. ಕುಡಿಯುವ ನೀರೂ ಹಡಗಿನಲ್ಲೇ ಬರಬೇಕು. ಶಾಲೆ ಇಲ್ಲದ್ದರಿಂದ ಮಕ್ಕಳು ನಿತ್ಯವೂ ದೋಣಿ ಹತ್ತಿ ನಗರಕ್ಕೆ ಹೋಗಿ ಬರುತ್ತಿದ್ದರು. ಆಟದ ಪಿಸ್ತೂಲಿಗೆ ಮಾತ್ರ ನಿಷೇಧ; ದೂರದಿಂದ ನೋಡಿದವರಿಗೆ ಆಟದ್ದೋ ನಿಜವಾದದ್ದೋ ಹೇಗೆ ತಿಳಿದೀತು? ಮನೆಯ ಬಟ್ಟೆ ಕೈದಿಗಳ ಕೈಯಲ್ಲಿ ಮಡಿಯಾಗಿ ಬರುತ್ತಿತ್ತು. ಆದರೆ ಒಗೆದವನೊಡನೆ ಮಕ್ಕಳು ಮಾತನಾಡುವಂತಿರಲಿಲ್ಲ. ಇಷ್ಟಾದರೂ, ಮನೆಯ ಬಾಗಿಲಿಗೆ ಬೀಗ ಹಾಕುವ ಪದ್ಧತಿಯೇ ಇರಲಿಲ್ಲವೆಂದು ಅಲ್ಲಿ ಬೆಳೆದವರು ಮುಂದೆ ಅಭಿಮಾನದಿಂದ ನೆನೆದಿದ್ದಾರೆ. ದೇಶದ ಅತಿ ಭದ್ರವಾದ ಬೀಗಗಳ ಕೆಳಗೆ ಬೀಗವಿಲ್ಲದ ಮನೆಗಳು!

ಆ ನೆಮ್ಮದಿಯ ಬೆಲೆ ೧೯೪೬ರ ಮೇ ೨ರಂದು ತಿಳಿಯಿತು. ಕೆಲವು ಕೈದಿಗಳು ಬಂದೂಕು ಕಸಿದುಕೊಂಡು ಕಾವಲುಗಾರರನ್ನು ಒತ್ತೆ ಹಿಡಿದರು. ಮೇ ೪ರವರೆಗೆ ನಡೆದ ಕಾದಾಟದಲ್ಲಿ ಮೂವರು ಕೈದಿಗಳೂ ಇಬ್ಬರು ಕಾವಲುಗಾರರೂ ಸತ್ತರು. ಗುಡ್ಡದ ಮೇಲೆ ಗುಂಡಿನ ಸದ್ದು, ಕೆಳಗೆ ಒಲೆಯ ಮುಂದೆ ಹೆಂಗಸರು. ಒಳಗೆ ಸಿಕ್ಕಿಕೊಂಡವನು ಯಾರ ಗಂಡ, ಯಾರ ತಂದೆ ಎಂಬ ಪ್ರಶ್ನೆಯನ್ನು ಆ ದಿನಗಳಲ್ಲಿ ಯಾವ ಮನೆ ತಾನೇ ಕೇಳದಿದ್ದೀತು?

ಈ ಸಂಸಾರಗಳ ಕೊನೆ ಬಂದದ್ದು ಗುಂಡಿನಿಂದಲ್ಲ, ಲೆಕ್ಕದಿಂದ. ಒಬ್ಬ ಕೈದಿಗೆ ದಿನಕ್ಕೆ ಅಟ್ಲಾಂಟಾದಲ್ಲಿ ಸುಮಾರು ೩ ಡಾಲರ್ ಸಾಕಾಗುತ್ತಿದ್ದರೆ ಇಲ್ಲಿ ೧೦ ಡಾಲರ್ ಬೇಕಾಗುತ್ತಿತ್ತು. ಉಪ್ಪುಗಾಳಿಗೆ ಕಟ್ಟಡಗಳೂ ಸವೆದಿದ್ದವು. ೧೯೬೨ರ ಜೂನ್‌ನಲ್ಲಿ ಮೂವರು ಗೋಡೆ ಕೊರೆದು ಪರಾರಿಯಾದರು. ೧೯೬೩ರ ಮಾರ್ಚ್ ೨೧ರಂದು ಸೆರೆಮನೆ ಮುಚ್ಚಿತು. ಕೈದಿಗಳು ಬೇರೆ ಜೈಲುಗಳಿಗೆ ಹೋದರು. ಮಕ್ಕಳು ಹುಟ್ಟೂರಿನಂತಿದ್ದ ದ್ವೀಪವನ್ನೇ ಕಳೆದುಕೊಂಡರು.

೧೯೭೩ರಿಂದ ಅಲ್ಲಿಗೆ ಪ್ರವಾಸಿಗಳು ಹೋಗುತ್ತಿದ್ದಾರೆ. ದೋಣಿ ಇಳಿದೊಡನೆ ಎದುರಾಗುವುದು ಸಂಸಾರಗಳಿದ್ದ ಆ ಹಳೆಯ ಕಟ್ಟಡ. ಕಪೋನನ ಕೋಣೆಯನ್ನು ನೋಡಲು ಅವಸರದಿಂದ ಗುಡ್ಡ ಹತ್ತುವವರು ಅಲ್ಲಿ ಒಂದು ಗಳಿಗೆ ನಿಲ್ಲಬೇಕೆಂಬುದು ನನ್ನ ಆಸೆ.