ಬಾವಿಯ ನೀರು, ನಲ್ಲಿಯ ನೀರು: ಪಶ್ಚಿಮ ಬೆಂಗಳೂರಿನ ನೂರು ವರ್ಷಗಳ ದಿನಚರಿ

ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳೆಂದು ಕರೆಯಲ್ಪಡುವ ಪ್ರದೇಶವು ನೂರು ವರ್ಷಗಳ ಹಿಂದೆ ಬಹುಮಟ್ಟಿಗೆ ಹಳ್ಳಿಗಾಡಾಗಿತ್ತು. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಕುರುಬರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ ಮುಂತಾದ ಗ್ರಾಮಗಳೂ ಅವುಗಳ ಕೆರೆ, ಗದ್ದೆ, ರಾಗಿಹೊಲಗಳೂ ಇಲ್ಲಿದ್ದವು. ಕೆಂಗೇರಿಯು ಮೈಸೂರಿನ ಹಾದಿಯಲ್ಲಿ ರೈಲು ನಿಲ್ದಾಣವುಳ್ಳ ಪ್ರತ್ಯೇಕ ಊರು. 1921ರ ಜನಗಣತಿಯಲ್ಲಿ ಪೇಟೆ ಮತ್ತು ದಂಡು ಎರಡೂ ಕೂಡಿ ಬೆಂಗಳೂರಿನ ಜನಸಂಖ್ಯೆ ಎರಡೂವರೆ ಲಕ್ಷವನ್ನು ಮುಟ್ಟಿರಲಿಲ್ಲ.

ಆ ಕಾಲದ ಗೃಹಜೀವನವನ್ನು ಅರಿಯಬೇಕಾದರೆ ನೀರಿನಿಂದಲೇ ಆರಂಭಿಸಬೇಕಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲಿನ ಸದ್ದು. ಬೆಳಕು ಹರಿಯುವ ಮೊದಲೇ ಬಾವಿಯ ರಾಟೆಯ ಸದ್ದು. ತಲೆಯ ಮೇಲೆ ಸಿಂಬೆ, ಅದರ ಮೇಲೊಂದು ಬಿಂದಿಗೆ, ಸೊಂಟದಲ್ಲಿ ಮತ್ತೊಂದು. ಹೀಗೆ ಮನೆಯ ಹಂಡೆ ತುಂಬಲು ಹೆಂಗಸರು ಹಲವು ಬಾರಿ ನಡೆಯಬೇಕಿತ್ತು. ತೋಳಿನ ಬಲದಿಂದ ಸೇದಿ ತಂದ ನೀರನ್ನು ಯಾರೂ ಲೆಕ್ಕವಿಲ್ಲದೆ ಚೆಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ದನದ ಬಾನಿಗೆ, ಪಾತ್ರೆ ತೊಳೆದ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ. ಪಾತ್ರೆ ಬೆಳಗಲು ಬೂದಿ ಮತ್ತು ಹುಣಸೆಹಣ್ಣು, ತಲೆಗೆ ಸೀಗೆಪುಡಿ ಬಳಕೆಯಲ್ಲಿದ್ದುದರಿಂದ ಆ ನೀರು ಮಣ್ಣಿಗೆ ವಿಷವಾಗುತ್ತಿರಲಿಲ್ಲ.

ಸಂಪ್ರದಾಯಸ್ಥ ಜೈನ ಮನೆಗಳಲ್ಲಿ ಇದರೊಂದಿಗೆ ಮತ್ತೊಂದು ಕರ್ತವ್ಯವೂ ಸೇರಿತ್ತು. ಸೇದಿದ ನೀರನ್ನು ದಪ್ಪನೆಯ ಬಟ್ಟೆಯಲ್ಲಿ ಸೋಸುವುದು ಅದರ ಮೊದಲ ಅರ್ಧ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ತಂದ ಬಾವಿಗೇ ಹಿಂದಿರುಗಿಸುವುದು ಎರಡನೆಯ ಅರ್ಧ. ಒಂದು ಬಾವಿಯ ಜೀವಿಯನ್ನು ಇನ್ನೊಂದು ಬಾವಿಗೆ ಬಿಡುವುದು ಸಲ್ಲದು. ನೀರನ್ನು ಬಳಸುವವನಿಗೆ ನೀರಿನ ಮೂಲವು ತಿಳಿದಿರಲೇಬೇಕೆಂಬ ನಿರೀಕ್ಷೆ ಈ ಆಚಾರದ ಒಳಗೇ ಅಡಗಿತ್ತು.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ವರ್ಣಿಸುವುದು ಸತ್ಯಕ್ಕೆ ದೂರವಾದ ಮಾತು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು ಊರಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. 1918ರಲ್ಲಿ ಇನ್‌ಫ್ಲುಯೆಂಜಾ ಮಾರಿಯು ನಾಡನ್ನೆಲ್ಲ ಬಾಧಿಸಿತು. 1920ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 27 ವರ್ಷಗಳಾಗಿತ್ತು. ಇಂದು ಅದು ಸುಮಾರು 70 ವರ್ಷಗಳು. ನಲ್ಲಿಯ ನೀರಿಗೆ ಜಾತಿಯಿಲ್ಲ, ಅದನ್ನು ಹೊರಬೇಕಾದ ಸೊಂಟನೋವೂ ಇಲ್ಲ. ಅಜ್ಜಿಯರ ಶ್ರಮವನ್ನು ಹೊಗಳುವ ಗಂಡಸರು ಆ ಬಿಂದಿಗೆಯನ್ನು ತಾವು ಹೊತ್ತವರಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಪೇಟೆಗೆ ಕೊಳಾಯಿ ನೀರು ಬಂದುದು 1896ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ವಿದ್ಯುತ್ತಿನ ಚರಿತ್ರೆ ಇನ್ನೂ ಸ್ವಾರಸ್ಯಕರ. ಶಿವನಸಮುದ್ರದಲ್ಲಿ ಸುಮಾರು 400 ಅಡಿ ಧುಮುಕುವ ಕಾವೇರಿಯಿಂದ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳಿಗೂ ತಲುಪಿತು. ಅಲ್ಲಿಯ ವಿದ್ಯುದುತ್ಪಾದನಾ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು.

ಆ ಯಂತ್ರಗಳನ್ನು ಕಳುಹಿಸಿದ ದೇಶದಲ್ಲಿಯೂ ಆಗ ಎಲ್ಲರ ಮನೆಯಲ್ಲಿ ಬೆಳಕಿರಲಿಲ್ಲವೆಂಬುದು ಅನೇಕರಿಗೆ ಆಶ್ಚರ್ಯವಾದೀತು. 1920ರ ದಶಕದ ನಡುವೆ ಅಮೆರಿಕದ ಸುಮಾರು ಅರ್ಧದಷ್ಟು ಮನೆಗಳಿಗೆ ಮಾತ್ರ ವಿದ್ಯುತ್ತು ಇತ್ತು. ಹಳ್ಳಿಯ ತೋಟದ ಮನೆಗಳಲ್ಲಿ 1930ರ ದಶಕದ ಮಧ್ಯದಲ್ಲಿಯೂ ಹತ್ತಕ್ಕೊಂದರ ಪ್ರಮಾಣ. 1936ರ ಗ್ರಾಮೀಣ ವಿದ್ಯುದೀಕರಣ ಕಾಯಿದೆಯ ನಂತರವೇ ಅಲ್ಲಿನ ಎಷ್ಟೋ ರೈತಗೃಹಿಣಿಯರು ಕೈಪಂಪು ಮತ್ತು ಸೀಮೆಎಣ್ಣೆ ದೀಪಗಳಿಂದ ಬಿಡುಗಡೆ ಹೊಂದಿದರು. ಅತ್ತಿಗುಪ್ಪೆಯ ಹೆಂಗಸಿಗೂ ಅಮೆರಿಕದ ಹಳ್ಳಿಯ ಹೆಂಗಸಿಗೂ ನೂರು ವರ್ಷಗಳ ಹಿಂದೆ ನೀರಿನ ಭಾರ ಒಂದೇ ಆಗಿತ್ತು.

ಪಶ್ಚಿಮ ಬೆಂಗಳೂರಿನ ರೂಪ ಬದಲಾದುದು ಸ್ವಾತಂತ್ರ್ಯಾನಂತರ. 1949ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ರೂಪುಗೊಳ್ಳತೊಡಗಿತು. ನಂತರದ ದಶಕಗಳಲ್ಲಿ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ನಿವೇಶನಗಳು ಬಂದವು, ಕೆರೆಗಳು ಹೋದವು. ಮಾರೇನಹಳ್ಳಿ ಮತ್ತು ಕುರುಬರಹಳ್ಳಿ ಕೆರೆಗಳ ಜಾಗದಲ್ಲಿ ಮನೆಗಳೆದ್ದವು, ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ಹೆಸರಘಟ್ಟವು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಗಿತ್ತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿಯ ನೀರು ಬಂದಿತು.

ಆ ಕಾವೇರಿಯ ನೀರು ಎಲ್ಲಿಂದ ಬರುತ್ತದೆ? ಅದೇ ಶಿವನಸಮುದ್ರದ ಬಳಿಯಿಂದ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಮೂರು ಹಂತಗಳಲ್ಲಿ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. 1905ರಲ್ಲಿ ಇಳಿಯುವ ನದಿಯಿಂದ ಬೆಂಗಳೂರು ಬೆಳಕನ್ನು ಪಡೆಯಿತು. ಇಂದು ಅದೇ ನದಿಯನ್ನು ಏರಿಸಲು ವಿದ್ಯುತ್ತನ್ನು ವ್ಯಯಿಸುತ್ತಿದೆ. ಸೇದುವ ಶ್ರಮವು ಅಳಿದುಹೋಗಲಿಲ್ಲ, ತೋಳಿನಿಂದ ಯಂತ್ರಕ್ಕೆ ವರ್ಗವಾಯಿತು, ಮನೆಯವರ ಕಣ್ಣಿಗೆ ಕಾಣದಾಯಿತು.

ನೀರು ಬರುವ ದಾರಿಯಂತೆಯೇ ಹೋಗುವ ದಾರಿಯೂ ಮರೆಯಾಯಿತು. ಇದು ಹೆಚ್ಚು ಗಂಭೀರವಾದ ಸಂಗತಿ. ಪಶ್ಚಿಮ ಬೆಂಗಳೂರಿನ ಇಳಿಜಾರುಗಳ ನೀರೆಲ್ಲ ಸೇರುವುದು ವೃಷಭಾವತಿಗೆ. ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯ ಕಡೆಗೆ ಹರಿಯುವ ಈ ಹೊಳೆಯು ಒಂದು ಕಾಲದಲ್ಲಿ ಜನರ ಬಳಕೆಗೂ ಬೇಸಾಯಕ್ಕೂ ಒದಗುತ್ತಿತ್ತು. ಬಡಾವಣೆಗಳ ಚರಂಡಿ ಮತ್ತು ಕಾರ್ಖಾನೆಗಳ ತ್ಯಾಜ್ಯ ಅದನ್ನು ಕಪ್ಪು ನೊರೆಯ ಕಾಲುವೆಯನ್ನಾಗಿ ಮಾರ್ಪಡಿಸಿದವು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. ಅದರಲ್ಲಿ ಸಾಗುವವರು ಸಮೀಪದಲ್ಲೇ ಹರಿಯುವ ಈ ನೀರನ್ನು ಕಂಡು ಮೋರಿಯೆಂದೇ ತಿಳಿಯುವುದುಂಟು. ಬಸವೇಶ್ವರನಗರದ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯ ಸಾಬೂನು ಬೈರಮಂಗಲದ ರೈತನ ಗದ್ದೆಯನ್ನು ತಲುಪುತ್ತದೆ. ಕೀಟವೊಂದನ್ನು ತುಳಿಯದಂತೆ ನೋಡಿ ನಡೆಯುವ ಗೃಹಸ್ಥನಿಗೆ ಈ ದೂರದ ಹಿಂಸೆ ಗೋಚರಿಸುವುದಿಲ್ಲ. ಗೋಚರಿಸದಂತೆ ಕೊಳವೆಗಳು ನೆಲದೊಳಗಿವೆ.

ಇದು ಇಲ್ಲಿಯ ದೋಷ ಮಾತ್ರವಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಕಯಹೋಗ ನದಿಯು ಕಾರ್ಖಾನೆಗಳ ಎಣ್ಣೆಯಿಂದ 1969ರಲ್ಲಿ ಬೆಂಕಿ ಹೊತ್ತಿ ಉರಿಯಿತು. ಆ ನದಿಗೆ ಅದು ಮೊದಲನೆಯ ಬೆಂಕಿಯೂ ಆಗಿರಲಿಲ್ಲ. ಆದರೆ ಆ ಬಾರಿ ಜನ ನಾಚಿದರು. 1972ರಲ್ಲಿ ಜಲಶುದ್ಧಿಯ ಕಾಯಿದೆ ಬಂದಿತು. ದಶಕಗಳ ನಂತರ ಮೀನುಗಳು ಮರಳಿದವು.

ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಕೊಯ್ಲನ್ನು ದೊಡ್ಡ ನಿವೇಶನಗಳಿಗೆ ಕಡ್ಡಾಯ ಮಾಡಲಾಯಿತು. ವಿಶಾಲವಾದ ಚಾವಣಿಯುಳ್ಳ ಬಸದಿ, ಛತ್ರ, ಸಭಾಭವನಗಳ ಆಡಳಿತ ಮಂಡಳಿಗಳಿಗೆ ಇದು ಕಷ್ಟದ ಕೆಲಸವಲ್ಲ. ಇಂಗುಬಾವಿಯೊಂದನ್ನು ತೋಡಿದಲ್ಲಿ, ನಲ್ಲಿಯ ಕಾಲದಲ್ಲಿ ಅಸಾಧ್ಯವಾಗಿರುವ ಆ ಎರಡನೆಯ ಅರ್ಧಕ್ಕೆ, ಎಂದರೆ ಹಿಂದಿರುಗಿಸುವ ಕರ್ತವ್ಯಕ್ಕೆ, ಒಂದು ಸ್ಥಳವಾದರೂ ಒದಗುತ್ತದೆ. ಈಗ ಸೋಸುವ ಬಟ್ಟೆಯು ಹಲವು ಮನೆಗಳಲ್ಲಿ ನಲ್ಲಿಯ ಬಾಯಿಗೆ ಕಟ್ಟಲ್ಪಟ್ಟಿದೆ. ಅದನ್ನು ತೊಳೆದ ನೀರು ಮಾತ್ರ ಚರಂಡಿಗೇ ಹೋಗುತ್ತದೆ.

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು ಮತ್ತೆ ಕಾಣಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಗರದ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿಯ ಐದನೆಯ ಹಂತವು ಆರಂಭವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ನೀರು. ಪಶ್ಚಿಮ ಬೆಂಗಳೂರಿನ ಮನೆಗಳಿಗೆ ಹೀಗೆ ಏರಿಬಂದ ನೀರು ವೃಷಭಾವತಿಯ ಕಣಿವೆಗೆ ಇಳಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಮೂಲಕ ಅರ್ಕಾವತಿಯನ್ನು ಸೇರುತ್ತದೆ. ಕನಕಪುರದ ಆಚೆಯ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡಿಕೊಳ್ಳುತ್ತದೆ.