ಹಿರಿಯ ಸವಾರರಿಗೆ ಮನೆಯಲ್ಲೇ ಗಮನದ ಅಭ್ಯಾಸ: ರಾಮನಗರ ಸೀಮೆಯನ್ನು ಕುರಿತ ಟಿಪ್ಪಣಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಅರವತ್ತು ದಾಟಿದ ಎಷ್ಟೋ ರೈತರಿಗೆ ಟಿವಿಎಸ್ ಎಕ್ಸ್‌ಎಲ್ ಗಾಡಿಯೇ ಆಸರೆ. ರೇಷ್ಮೆ ಗೂಡು ಮಾರುಕಟ್ಟೆಗೆ, ಹಾಲು ಡೇರಿಗೆ ಹೋಗುವುದು ಅದರಲ್ಲೇ. ಇಂಥವರಿಗೆ ‘ವಯಸ್ಸಾಯಿತು, ಗಾಡಿ ಬಿಡಿ’ ಎನ್ನುವ ಮೊದಲು, ಸುರಕ್ಷಿತವಾಗಿ ಓಡಿಸಲು ಏನು ನೆರವಾದೀತು ಎಂದು ವಿಚಾರಿಸುವುದು ನ್ಯಾಯ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, 55 ದಾಟಿದವರು ಐದು ವರ್ಷಕ್ಕೊಮ್ಮೆ ಡಿಎಲ್ ನವೀಕರಿಸಬೇಕು. ಅದಕ್ಕೆ ಬೇಕಾದ ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರದಲ್ಲಿ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಗುರುತಿಸಬಲ್ಲರೇ ಎಂಬ ಪ್ರಶ್ನೆಯಿದೆ. ಆದರೆ ಎದುರಿನದನ್ನು ನೋಡುತ್ತಿರುವಾಗಲೇ ಪಕ್ಕದಿಂದ ನುಗ್ಗಿದ್ದನ್ನು ಥಟ್ಟನೆ ಗ್ರಹಿಸುವ ಶಕ್ತಿಯನ್ನು ಆ ಪ್ರಶ್ನೆ ಅಳೆಯುವುದಿಲ್ಲ. ನಮ್ಮ ರಸ್ತೆಗಳು ಕೇಳುವುದು ಈ ಶಕ್ತಿಯನ್ನೇ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ. ಹಾಗಾಗಿ ಅವು ಹಿಡಿಯಬೇಕಾದ ಸರ್ವಿಸ್ ರಸ್ತೆಯಲ್ಲಿ ಬಸ್ಸು, ಟ್ರ್ಯಾಕ್ಟರ್, ರಾಂಗ್ ಸೈಡಿನಲ್ಲಿ ಬರುವ ಬೈಕು ಎಲ್ಲವನ್ನೂ ಒಟ್ಟಿಗೆ ಗಮನಿಸಬೇಕು. ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗಳ ಮೇಲೆ ಒಕ್ಕಣೆಗೆ ಹರಡಿದ ರಾಗಿ ಹುಲ್ಲು ಬೇರೆ.

ಹೀಗೆ ಥಟ್ಟನೆ ಗ್ರಹಿಸುವ ವೇಗವನ್ನು, ಅಂದರೆ ಗ್ರಹಣವೇಗವನ್ನು, ಅಭ್ಯಾಸದಿಂದ ಹೆಚ್ಚಿಸಬಹುದು. ಅಮೆರಿಕದ ‘ಆ್ಯಕ್ಟಿವ್’ ಅಧ್ಯಯನದಲ್ಲಿ 65 ದಾಟಿದ 2,802 ಮಂದಿ ಇದ್ದರು. ಅವರಲ್ಲಿ ಕಾರು ಓಡಿಸುತ್ತಿದ್ದವರ ಸುಮಾರು ಆರು ವರ್ಷಗಳ ದಾಖಲೆಯ ವಿಶ್ಲೇಷಣೆ 2010ರಲ್ಲಿ ಪ್ರಕಟವಾಯಿತು. ಗ್ರಹಣವೇಗದ ಅಥವಾ ತರ್ಕದ ತರಬೇತಿ ಪಡೆದವರಲ್ಲಿ, ತಮ್ಮದೇ ತಪ್ಪಿನಿಂದಾದ ಅಪಘಾತಗಳು ತರಬೇತಿಯಿಲ್ಲದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ. ನೆನಪಿನ ತರಬೇತಿಗೆ ಅಂಥ ಫಲ ಕಾಣಲಿಲ್ಲ. ಅಯೋವಾದಲ್ಲಿ 681 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಮನೆಯಲ್ಲೇ ಗ್ರಹಣವೇಗದ ಅಭ್ಯಾಸ ಮಾಡಿದವರು ಪದಬಂಧ ಬಿಡಿಸಿದವರಿಗಿಂತ ಹೆಚ್ಚು ಸುಧಾರಿಸಿದರು. ಜಪಾನಿನಲ್ಲಿ 60 ಹಿರಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯ ಟಿವಿಯಲ್ಲಿ ದಿನಕ್ಕೆ 20 ನಿಮಿಷದಂತೆ ಆರು ವಾರ ಆಡಿದ ಆಟಗಳು ಕಾರು ಓಡಿಸುವ ಕೌಶಲವನ್ನು ಹೆಚ್ಚಿಸಿದವು. ಅಲ್ಲಿ ಅಳೆದದ್ದು ಕೌಶಲವನ್ನು, ಅಪಘಾತವನ್ನಲ್ಲ ಎಂಬುದನ್ನು ಮರೆಯಬಾರದು.

ಮನೆಯಲ್ಲೇ ಮಾಡಿಸುವ ಮನೋ ತರಬೇತಿ ಬೆಂಗಳೂರಿಗೂ ಹೊಸದಲ್ಲ. ನಿಮ್ಹಾನ್ಸ್ ತಜ್ಞರು ಸ್ಕಿಜೋಫ್ರೇನಿಯಾದ ಆರಂಭಿಕ ಹಂತದ ರೋಗಿಗಳಿಗೆ ಇದನ್ನು ಮಾಡಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಮನ ಕುದುರಿಸಲು ಮಿಶ್ರ ಕಾಳುಗಳನ್ನು ವಿಂಗಡಿಸುವುದು, ಹಾಳೆಯಲ್ಲಿ ಗೊತ್ತಾದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ಅಲ್ಲಿನ ಪದ್ಧತಿಯಲ್ಲಿವೆ. ನಮ್ಮ ಹಿರಿಯರ ಕೈಗೆ ಒಗ್ಗುವ ಅಭ್ಯಾಸಗಳಿವು. ಆದರೆ ಗ್ರಹಣವೇಗದ ತರಬೇತಿಗೆ ಬೇಕಾದ್ದು ಇನ್ನೊಂದಿದೆ: ಪರದೆಯ ನಡುವಿನ ವಾಹನ ಯಾವುದು, ಅಂಚಿನಲ್ಲಿ ಮಿಂಚಿದ ಗುರುತು ಯಾವ ಕಡೆ ಎಂದು ಏಕಕಾಲಕ್ಕೆ ಹೇಳಬೇಕು, ಸರಿ ಹೇಳಿದಂತೆಲ್ಲ ಚಿತ್ರ ನಿಲ್ಲುವ ಅವಧಿ ಕಿರಿದಾಗಬೇಕು. ಕನ್ನಡದಲ್ಲಿ ಸೂಚನೆ ನೀಡುವ ಮೊಬೈಲ್ ಆ್ಯಪ್ ಇದಕ್ಕೆ ಸಾಕು. ಮೊಮ್ಮಕ್ಕಳು ಜೊತೆಗೆ ಕೂತರೆ ಅಭ್ಯಾಸ ತಪ್ಪದು.

ಕಾರಿನ ಫಲಿತಾಂಶವನ್ನು ದ್ವಿಚಕ್ರ ವಾಹನಕ್ಕೆ ನೇರವಾಗಿ ಅನ್ವಯಿಸಲಾಗದು. ಇಲ್ಲಿ ದೇಹದ ಸಮತೋಲನ, ಹಿಂದೆ ಕಟ್ಟಿದ ಹೊರೆ, ಕಣ್ಣಿನ ಪೊರೆಯೂ ಲೆಕ್ಕಕ್ಕೆ ಬರುತ್ತವೆ. ಪರಿಚಿತ ದಾರಿಯನ್ನೇ ಮರೆಯುತ್ತಿರುವವರಿಗೆ ಬೇಕಾದ್ದು ಆ್ಯಪ್ ಅಲ್ಲ, ವೈದ್ಯರು. ಆದ್ದರಿಂದ ನಾಲ್ಕೂ ತಾಲ್ಲೂಕುಗಳ ಡೇರಿಗಳ ಮೂಲಕ ಹಿರಿಯ ಸವಾರರನ್ನು ಸೇರಿಸಿ, ಒಂದು ಗುಂಪಿಗೆ ಈ ಅಭ್ಯಾಸ, ಇನ್ನೊಂದಕ್ಕೆ ಪದಬಂಧ ಕೊಟ್ಟು, ಒಂದು ವರ್ಷ ಅವರು ಬಿದ್ದದ್ದು, ಗುದ್ದಿದ್ದು, ಕೂದಲೆಳೆಯಲ್ಲಿ ಪಾರಾದದ್ದನ್ನು ದಾಖಲಿಸಬೇಕು. ಅಭ್ಯಾಸವನ್ನು ಡಿಎಲ್ ನವೀಕರಣಕ್ಕೆ ಷರತ್ತಾಗಿಸಬೇಕೇ ಎಂಬ ಚರ್ಚೆ ಆ ಲೆಕ್ಕ ಕೈಸೇರಿದ ಮೇಲೆ ನಡೆಯಲಿ.