ಗೋಡೆಗೆ ಬಣ್ಣ ಎಷ್ಟು ಬೇಕು?

ಮನೆಗೆ ಬಣ್ಣ ಹೊಡೆಸಲು ಹೊರಟವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಯಾವ ಬಣ್ಣ ಎಂಬುದು ಒಂದು, ಎಷ್ಟು ಬಣ್ಣ ಎಂಬುದು ಇನ್ನೊಂದು. ಮೊದಲನೆಯದನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಎರಡನೆಯದನ್ನು ಪೇಂಟರ್ ಹೇಳಿದ ಮಾತಿಗೆ ಬಿಟ್ಟುಬಿಡುತ್ತಾರೆ. ಆದರೆ ದುಡ್ಡು ಹೋಗುವುದು ಎರಡನೆಯದರಲ್ಲಿಯೇ. ಕಡಿಮೆ ತಂದರೆ, ಮತ್ತೆ ತಂದ ಡಬ್ಬದ ಛಾಯೆ ಮೊದಲಿನದಕ್ಕೆ ಹೊಂದದೆ ಗೋಡೆಯ ನಡುವೆ ಗಡಿರೇಖೆ ಮೂಡಬಹುದು. ಹೆಚ್ಚು ತಂದರೆ, ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಹಿಂದಿನವರಿಗೆ ಈ ಚಿಂತೆ ಇರಲಿಲ್ಲ. ಹಬ್ಬ ಹತ್ತಿರ ಬಂದಾಗ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದರು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಸಾಲದಿದ್ದರೆ ಇನ್ನೊಂದು ಬುಟ್ಟಿ ಸುಣ್ಣ ಅರಳಿಸಿದರಾಯಿತು. ಯುರೋಪಿನ ಬಣ್ಣಗಾರರೂ ಬಹುಕಾಲ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯೊಡನೆ ಅರೆದು, ಕೆಲಸಕ್ಕೆ ಬೇಕಾದಷ್ಟನ್ನೇ ಕಲಸಿಕೊಳ್ಳುತ್ತಿದ್ದರು.

ಈ ಪದ್ಧತಿಯನ್ನು ಬದಲಿಸಿದ್ದು ಡಬ್ಬ. 1867ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಿ. ಆರ್. ಅವೆರಿಲ್ ಸಿದ್ಧಬಣ್ಣಕ್ಕೆ ಪೇಟೆಂಟ್ ಪಡೆದ. ಹತ್ತು ವರ್ಷಗಳ ನಂತರ, 1877ರಲ್ಲಿ, ಶೆರ್ವಿನ್-ವಿಲಿಯಮ್ಸ್ ಕಂಪನಿ ತೆರೆದು ಮತ್ತೆ ಮುಚ್ಚಬಹುದಾದ ಬಣ್ಣದ ಡಬ್ಬಕ್ಕೆ ಪೇಟೆಂಟ್ ಪಡೆಯಿತು. ಭಾರತದಲ್ಲಿ 1902ರಲ್ಲಿ ಕಲ್ಕತ್ತೆಯ ಬಳಿಯ ಹೌರಾದಲ್ಲಿ ಈಗಿನ ಶಾಲಿಮಾರ್ ಪೇಂಟ್ಸ್‌ನ ಕಾರ್ಖಾನೆ ಆರಂಭವಾಯಿತು. 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಹುಟ್ಟಿತು. ಬಣ್ಣ ಅಳತೆಯ ಡಬ್ಬದಲ್ಲಿ ಬಂದ ಮೇಲೆ, ಕೊಳ್ಳುವ ಮೊದಲೇ ಲೆಕ್ಕ ಹಾಕುವ ಹೊಣೆ ಮನೆಯ ಯಜಮಾನನ ಹೆಗಲಿಗೆ ಬಿತ್ತು.

ಆದರೆ ಲೆಕ್ಕದ ದಾರಿ ಹೊಸದಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ‘ಲೀಲಾವತಿ’ಯಲ್ಲಿ ಗರಗಸದ ಕೆಲಸದ ಲೆಕ್ಕವಿದೆ. ಬುಡದಲ್ಲಿ 20 ಅಂಗುಲ, ತುದಿಯಲ್ಲಿ 16 ಅಂಗುಲ ದಪ್ಪವಿರುವ, 100 ಅಂಗುಲ ಉದ್ದದ ಮರವನ್ನು ನಾಲ್ಕು ಕಡೆ ಉದ್ದಕ್ಕೆ ಸೀಳಿದರೆ ಕೆಲಸ ಎಷ್ಟಾಯಿತು? ಸರಾಸರಿ ದಪ್ಪ 18. ಅದನ್ನು ಉದ್ದದಿಂದಲೂ ಸೀಳುಗಳ ಸಂಖ್ಯೆಯಿಂದಲೂ ಗುಣಿಸಿದರೆ 7,200 ಚದರ ಅಂಗುಲ. 24 ಅಂಗುಲಕ್ಕೆ ಒಂದು ಹಸ್ತವಾದ್ದರಿಂದ 576ರಿಂದ ಭಾಗಿಸಬೇಕು. ಉತ್ತರ ಹನ್ನೆರಡೂವರೆ ಚದರ ಹಸ್ತ. ಸೀಳಿನ ಜಾಗದಲ್ಲಿ ‘ಕೋಟ್’ ಎಂದು ಓದಿಕೊಂಡರೆ ಇದೇ ಬಣ್ಣದ ಲೆಕ್ಕ: ಮೇಲ್ಮೈಯನ್ನು ಅಳೆ, ಎಷ್ಟು ಸಲವೋ ಅಷ್ಟರಿಂದ ಗುಣಿಸು, ಮಾನದಿಂದ ಭಾಗಿಸು.

ಇದನ್ನು ಒಂದು ಕೋಣೆಗೆ ಅನ್ವಯಿಸಿ ನೋಡೋಣ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ನಮ್ಮಲ್ಲಿ ಮನೆ ಕಟ್ಟುವವರ ಭಾಷೆಯಲ್ಲಿ ‘ಚದರ’ ಎಂದರೆ 100 ಚದರ ಅಡಿ. ಆ ಪ್ರಕಾರ ಈ ಕೋಣೆ ಒಂದೂಕಾಲು ಚದರಕ್ಕೆ ತುಸು ಕಡಿಮೆ. ಆದರೆ ಇದು ನೆಲದ ಅಳತೆ. ಬಣ್ಣ ಕುಡಿಯುವುದು ಗೋಡೆ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ; ಎತ್ತರದಿಂದ ಗುಣಿಸಿದರೆ 440 ಚದರ ಅಡಿ. 3×7 ಅಡಿಯ ಬಾಗಿಲು, 4×4 ಅಡಿಯ ಕಿಟಕಿ ಕಳೆದರೆ ಉಳಿಯುವುದು 403. ಎರಡು ಕೋಟ್‌ಗೆ 806. ನಯವಾದ ಗೋಡೆಯಲ್ಲಿ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಸುಮಾರು 120 ಚದರ ಅಡಿ ಬರುತ್ತದೆ ಎಂದಿಟ್ಟುಕೊಂಡರೆ, ಏಳು ಲೀಟರ್ ಸಾಕು. ಸೂರಿನ 120 ಚದರ ಅಡಿಗೆ ಬೇರೆ ಎರಡು ಲೀಟರ್ ಬಿಳಿ.

ಬಾಗಿಲು ಕಿಟಕಿಗಳ ವಿಷಯದಲ್ಲಿ ಸರ್ಕಾರಿ ಅಳತೆಯ ಮಾನಕದಲ್ಲೂ ಒಂದು ಜಾಣತನವಿದೆ. ಸುಣ್ಣಬಣ್ಣದ ಕೆಲಸದಲ್ಲಿ ಅರ್ಧ ಚದರ ಮೀಟರ್‌ವರೆಗಿನ ತೆರಪುಗಳನ್ನು ಕಳೆಯುವಂತಿಲ್ಲ. ಅವುಗಳ ಒಳಅಂಚುಗಳನ್ನು ಕೂಡುವಂತೆಯೂ ಇಲ್ಲ. ಕೊಟ್ಟದ್ದಕ್ಕೂ ಬಿಟ್ಟದ್ದಕ್ಕೂ ಸರಿಹೋಯಿತು. ಮಾಲೀಕನಿಗೂ ಕೆಲಸಗಾರನಿಗೂ ಜಗಳ ಬಾರದಿರಲೆಂಬ ಏರ್ಪಾಡು ಇದು.

ಇಷ್ಟಾದರೂ ಲೆಕ್ಕ ತಪ್ಪುವುದುಂಟು. ಹೊಸ ಗಾರೆ ಮೊದಲ ಕೋಟ್ ಅನ್ನು ಹೀರಿಕೊಂಡುಬಿಡುತ್ತದೆ. ಒರಟು ಗೋಡೆಯ ಮೇಲ್ಮೈ ಟೇಪಿನಲ್ಲಿ ಕಾಣುವುದಕ್ಕಿಂತ ಹೆಚ್ಚು. ಗಾಢ ಬಣ್ಣದ ಮೇಲೆ ತಿಳಿಬಣ್ಣ ಹಾಕಲು ಮೂರನೆಯ ಕೋಟ್ ಬೇಕಾಗಬಹುದು. ಭಾಸ್ಕರಾಚಾರ್ಯರಿಗೆ ಇದೂ ತಿಳಿದಿತ್ತು. ಅಗೆತ, ಇಟ್ಟಿಗೆ, ಗರಗಸದ ಕೆಲಸಗಳ ಬೆಲೆಯು ವಸ್ತುವಿನ ಮೃದುತ್ವ-ಗಡಸುತನಗಳನ್ನು ನೋಡಿ, ಕೆಲಸಗಾರರೊಡನೆ ಒಪ್ಪಿಕೊಂಡು ನಿರ್ಧಾರವಾಗಬೇಕು ಎಂಬುದು ಅವರ ಮಾತಿನ ಸಾರ. ಸೂತ್ರ ಹೇಳಿಕೊಟ್ಟವರೇ ಅದರ ಮಿತಿಯನ್ನೂ ಹೇಳಿದ್ದಾರೆ.

ಆದ್ದರಿಂದ ಟೇಪು ಹಿಡಿದು ಅಳೆಯುವುದು ಪೇಂಟರ್ ಮೇಲಿನ ಅಪನಂಬಿಕೆಯಲ್ಲ. ಅವನೊಡನೆ ಸರಿಸಮನಾಗಿ ಮಾತಾಡಲು ಬೇಕಾದ ತಯಾರಿ. ಏಳು ಲೀಟರ್ ಎಂಬ ಲೆಕ್ಕ ನಮ್ಮ ಕೈಯಲ್ಲಿದ್ದರೆ, ಅವನು ಹತ್ತು ಎಂದಾಗ ಯಾಕೆಂದು ಕೇಳಬಹುದು. ಗೋಡೆಯನ್ನು ತಟ್ಟಿ ತೋರಿಸಿ ಅವನು ಕೊಡುವ ಉತ್ತರವನ್ನು ಒಪ್ಪಲೂಬಹುದು.